ಮಾದರಿ ರೈಲು ತುಟ್ಟಿಯಾದದ್ದೇಕೆ? ಅಚ್ಚು, ಸುಂಕ ಮತ್ತು ದಾಸ್ತಾನಿನ ಲೆಕ್ಕ

ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಯಾರಿಸುವ ನಮ್ಮ ಕಕ್ಷಿದಾರರೊಬ್ಬರು ಕಳೆದ ದೀಪಾವಳಿಯ ನಂತರ ಖೂಬಾ ಪ್ಲಾಟಿನ ನಮ್ಮ ಕಚೇರಿಗೆ ಬಂದು, ಮೇಜಿನ ಮೇಲಿದ್ದ ಕಡತಗಳನ್ನು ಬದಿಗೆ ಸರಿಸಿ, ಗೇಣುದ್ದದ ಒಂದು ರೈಲು ಎಂಜಿನ್ ಇಟ್ಟರು. ಮಗನ ಹಟಕ್ಕೆ ಮುಂಬಯಿಯ ಅಂಗಡಿಯೊಂದರಿಂದ ತರಿಸಿದ ವಿದೇಶಿ ಮಾದರಿ. ಬಿಲ್ಲು 39,000 ಚಿಲ್ಲರೆ. ಅದನ್ನು ತಮ್ಮ ಕಾರ್ಖಾನೆಯ ತಕ್ಕಡಿಯಲ್ಲಿ ತೂಗಿ ನೋಡಿಯೇ ಬಂದಿದ್ದರು. "ಎಲ್ಲಾ ಸೇರಿ ಅರ್ಧ ಕಿಲೋನೂ ಇಲ್ರಿ ಸರ್. ಒಂದಿಷ್ಟು ಪ್ಲಾಸ್ಟಿಕ್, ಒಂದು ಸತುವಿನ ತುಂಡು, ಬೆರಳಷ್ಟು ಮೋಟಾರು. ಇದಕ್ಕ ಇಷ್ಟು ರೊಕ್ಕ ಹ್ಯಾಂಗ ಆಗ್ತದ? ನಾವೇ ಮಾಡಿದ್ರ ಐದು ಸಾವಿರಕ್ಕ ಕೊಡಬಹುದಲ್ಲಾ?" ಎಂಬುದು ಅವರ ಪ್ರಶ್ನೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಕಲಬುರಗಿ–ಬೀದರ ಮಾರ್ಗದಲ್ಲಿ ಆರಂಭಕ್ಕೆ ಓಡಿದ ಡೆಮು ಗಾಡಿಯ ಮಾದರಿಯನ್ನು ತಯಾರಿಸುವ ಯೋಜನೆ ಅವರ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು. ಕಮಲಾಪುರದವರಾದ ಅವರಿಗೆ ಆ ಗಾಡಿಯ ಮೇಲೆ ಅಭಿಮಾನವಿರುವುದು ಸಹಜವೇ.

ಅವರ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ನನಗೆ ಒಂದು ವಾರ ಹಿಡಿಯಿತು. ಸೂಪರ್ ಮಾರ್ಕೆಟ್ ಪ್ರದೇಶದ ಆಟಿಕೆ ವ್ಯಾಪಾರಿಯೊಬ್ಬರು ಇಂತಹ ಮಾದರಿಗಳ ದಾಸ್ತಾನಿನಲ್ಲಿ ಹಣ ತೊಡಗಿಸಿ ಕುಳಿತಿರುವುದು, ನಿವೃತ್ತ ರೈಲ್ವೆ ಗಾರ್ಡರೊಬ್ಬರ ಮಕ್ಕಳು ತಂದೆಯ ಸಂಗ್ರಹವನ್ನು ಹಂಚಿಕೊಳ್ಳುವಾಗ ಎಡವಲಿದ್ದುದು, ಇವೆರಡೂ ಅದಕ್ಕೂ ಮೊದಲೇ ನನ್ನ ಗಮನಕ್ಕೆ ಬಂದಿದ್ದವು. ಮೂರಕ್ಕೂ ಮೂಲ ಒಂದೇ: ಬೆಲೆ ಏರುತ್ತಿದೆ ಎಂಬುದು ಎಲ್ಲರಿಗೂ ಗೊತ್ತು, ಏಕೆ ಏರುತ್ತಿದೆ ಎಂಬುದು ಯಾರಿಗೂ ಸ್ಪಷ್ಟವಿಲ್ಲ. ಸದಸ್ಯರಿಗೆ ಉಪಯುಕ್ತವಾದೀತೆಂದು ಆ ಲೆಕ್ಕವನ್ನು ಇಲ್ಲಿ ವಿವರಿಸಿದ್ದೇನೆ. ನಾನೂ ಒಬ್ಬ ಸಂಗ್ರಾಹಕನೇ ಎಂಬುದನ್ನು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಲೆಕ್ಕ ಪರಿಶೋಧಕನು ತನ್ನ ಹಿತಾಸಕ್ತಿಯನ್ನು ಮುಚ್ಚಿಡಬಾರದಷ್ಟೆ.

ಆಟಿಕೆ ಬೇರೆ, ಮಾದರಿ ಬೇರೆ

ಶರಣಬಸವೇಶ್ವರ ಜಾತ್ರೆಯಲ್ಲಿ ನಾವು ಚಿಕ್ಕವರಿದ್ದಾಗ ಕೊಳ್ಳುತ್ತಿದ್ದ, ಚಾವಿ ಕೊಟ್ಟರೆ ದುಂಡಗೆ ಓಡುವ ತಗಡಿನ ರೈಲು ಆಟಿಕೆ. ಅದು ಯಾವ ಎಂಜಿನ್ನಿನ ಪ್ರತಿರೂಪವೂ ಅಲ್ಲ. ಮಾದರಿ ರೈಲು ಎಂದರೆ ನಿಜವಾದ ಒಂದು ಎಂಜಿನ್ನನ್ನು ನಿಗದಿತ ಪ್ರಮಾಣದಲ್ಲಿ ಕುಗ್ಗಿಸಿ ಮಾಡಿದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 87ರಲ್ಲಿ ಒಂದು ಪಾಲಿನ ಪ್ರಮಾಣ. ಬ್ರಿಟನ್ನಿನಲ್ಲಿ 76ರಲ್ಲಿ ಒಂದು. ಎರಡೂ ಓಡುವ ಹಳಿಯ ಅಗಲ 16.5 ಮಿಲಿಮೀಟರ್. ಯುರೋಪಿನ 1,435 ಮಿ.ಮೀ. ಹಳಿಯನ್ನು 87ರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ. ಇರುವುದರಿಂದ ಸರಿಯಾಗಿ ಕುಗ್ಗಿಸಿದರೆ 19 ಮಿ.ಮೀ. ದಾಟುತ್ತದೆ. ಆ ಅಗಲದ ಸಿದ್ಧ ಹಳಿ ಅಂಗಡಿಗಳಲ್ಲಿ ದೊರೆಯುವುದಿಲ್ಲವಾದ್ದರಿಂದ ಭಾರತೀಯ ಎಂಜಿನ್ನುಗಳ ಮಾದರಿಗಳನ್ನು ಸಾಮಾನ್ಯವಾಗಿ ಯುರೋಪಿನ ಹಳಿಯ ಮೇಲೆಯೇ ಓಡಿಸಬೇಕಾಗುತ್ತದೆ. ಕಪನೂರಿನ ಕಕ್ಷಿದಾರರಿಗೆ ಎದುರಾದ ಮೊದಲ ತೊಡಕು ಇದು. ಅವರು ಗಾಡಿಯನ್ನು ಕುರಿತು ಯೋಚಿಸಿದ್ದರು, ಹಳಿಯನ್ನು ಕುರಿತು ಯೋಚಿಸಿರಲಿಲ್ಲ.

ಅಚ್ಚಿನ ಲೆಕ್ಕ

ಬೆಲೆಯ ರಹಸ್ಯವಿರುವುದು ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಅಚ್ಚಿನಲ್ಲಿ. ನಮ್ಮ ಕಾರ್ಖಾನೆಯವರು ಡೈ ಎನ್ನುವುದು ಇದನ್ನೇ. ಎಂಜಿನ್ನಿನ ಮೇಲ್ಮೈಯ ಪ್ರತಿಯೊಂದು ರಿವೆಟ್ಟು, ಜಾಲರಿ, ಕೈಹಿಡಿ, ಏಣಿ ಇವೆಲ್ಲವನ್ನೂ ಉಕ್ಕಿನಲ್ಲಿ ಕೊರೆಯಬೇಕು. ಇಂದಿನ ಸಂಗ್ರಾಹಕರು ಬಯಸುವಂತಹ ಎಂಜಿನ್ನಿನಲ್ಲಿ ನೂರಾರು ಬಿಡಿಭಾಗಗಳಿರುತ್ತವೆ. ಹಲವನ್ನು ಚಿಮ್ಮಟದಿಂದ ಹಿಡಿದು ಕೈಯಿಂದಲೇ ಕೂಡಿಸಬೇಕಾಗುತ್ತದೆ.

ಹೋಲಿಕೆಗೆ ನಮ್ಮೂರಿನ ತೊಗರಿ ಬೇಳೆ ಗಿರಣಿಯನ್ನೇ ತೆಗೆದುಕೊಳ್ಳೋಣ. ಗಿರಣಿಯ ಯಂತ್ರಗಳಿಗೆ ಕೋಟಿ ರೂಪಾಯಿ ಸುರಿದರೂ ಹಂಗಾಮಿನ ಮೇಲೆ ಹಂಗಾಮು ಸಾವಿರಾರು ಕ್ವಿಂಟಾಲ್ ಒಡೆದಾಗ ಆ ವೆಚ್ಚ ಕ್ವಿಂಟಾಲಿಗೆ ಕೆಲವು ರೂಪಾಯಿಗಳಿಗೆ ಇಳಿಯುತ್ತದೆ. ಬೇಳೆಯ ದರವನ್ನು ನಿರ್ಧರಿಸುವುದು ತೊಗರಿಯೇ ಹೊರತು ಯಂತ್ರವಲ್ಲ. ಮಾದರಿ ರೈಲಿನಲ್ಲಿ ಇದು ಪೂರ್ತಿ ತಲೆಕೆಳಗು. ಅಚ್ಚುಗಳ ಒಂದು ಜೊತೆಗೆ 1 ಕೋಟಿ 20 ಲಕ್ಷ ರೂಪಾಯಿ ತಗುಲಿತೆಂದು ಲೆಕ್ಕಕ್ಕಾಗಿ ಭಾವಿಸೋಣ. 10,000 ಎಂಜಿನ್ನುಗಳನ್ನು ತಯಾರಿಸಿದರೆ ಒಂದರ ಮೇಲೆ ಬೀಳುವ ಅಚ್ಚಿನ ವೆಚ್ಚ 1,200 ರೂಪಾಯಿ. 1,500 ಮಾತ್ರ ತಯಾರಿಸಿದರೆ ಅದೇ ವೆಚ್ಚ 8,000 ರೂಪಾಯಿ. ಪ್ಲಾಸ್ಟಿಕ್ಕಿನ ದರ ಅರ್ಧಕ್ಕಿಳಿದರೂ ಈ ವ್ಯತ್ಯಾಸದಲ್ಲಿ ಅದು ಕಾಣಿಸುವುದೇ ಇಲ್ಲ.

ಹೀಗಿರುವಾಗ ತಯಾರಕರು ಹೆಚ್ಚು ಸಂಖ್ಯೆಯಲ್ಲಿ ಏಕೆ ತಯಾರಿಸುವುದಿಲ್ಲ? ಕೊಳ್ಳುವವರಿಲ್ಲ. ಒಂದು ಕಾಲಕ್ಕೆ ಯುರೋಪ್, ಅಮೆರಿಕಗಳಲ್ಲಿ ರೈಲು ಎಲ್ಲ ಗಂಡುಹುಡುಗರ ಆಟಿಕೆಯಾಗಿತ್ತು. ಇಂದು ಅದನ್ನು ಕೊಳ್ಳುವವರಲ್ಲಿ ಬಹುಪಾಲು ನನ್ನಂತಹ ನರೆತ ತಲೆಯವರು. ನಮ್ಮ ಸಂಖ್ಯೆ ಕಡಿಮೆ, ಬೇಡಿಕೆಗಳು ಮಾತ್ರ ಹೆಚ್ಚು. ಎಂಜಿನ್ನಿನಲ್ಲಿ ಡಿಜಿಟಲ್ ನಿಯಂತ್ರಣದ ಚಿಪ್ ಇರಬೇಕು, ಪುಟ್ಟ ಧ್ವನಿವರ್ಧಕದಿಂದ ಸೀಟಿ ಕೇಳಬೇಕು, ದೀಪಗಳು ದಿಕ್ಕಿಗನುಗುಣವಾಗಿ ಬದಲಾಗಬೇಕು. ಸಂಖ್ಯೆ ಇಳಿಯುತ್ತಿರುವಾಗ ಪ್ರತಿ ತುಣುಕಿನ ವೆಚ್ಚವನ್ನೂ ಏರಿಸುತ್ತಿರುವವರು ಗ್ರಾಹಕರೇ.

ತಯಾರಕರು ಈ ಒತ್ತಡವನ್ನು ತಾಳಿಕೊಳ್ಳಲು ಮಾಡಿದ ಪ್ರಯತ್ನಗಳ ಚರಿತ್ರೆ ಉದ್ಯಮಿಗಳಿಗೆ ಪಾಠದಂತಿದೆ. ಬ್ರಿಟನ್ನಿನ ಹಾರ್ನ್‌ಬಿ ಸಂಸ್ಥೆಯು 1990ರ ದಶಕದಲ್ಲಿ ತನ್ನ ಉತ್ಪಾದನೆಯನ್ನು ಚೀನಾಕ್ಕೆ ವರ್ಗಾಯಿಸಿತು. ಅಗ್ಗದ ಕೈಕೆಲಸದಿಂದಾಗಿ ಹಿಂದೆಂದೂ ಕಾಣದಷ್ಟು ನಯವಾದ ಮಾದರಿಗಳು ಸುಮಾರು ಹದಿನೈದು ವರ್ಷ ಹಿತವಾದ ಬೆಲೆಗೆ ದೊರೆತವು. ಸಂಗ್ರಾಹಕರು ಆ ಬೆಲೆಯನ್ನೇ ಸಹಜವೆಂದು ತಿಳಿದರು, ತಪ್ಪಾದದ್ದು ಅಲ್ಲಿಯೇ. ಅದೇ ಅವಧಿಯಲ್ಲಿ ಅನೇಕ ಹಳೆಯ ಮನೆತನಗಳು ಕುಸಿದವು. ಇಟಲಿಯ ಲಿಮಾ ಮುಳುಗಿ, ಅದರ ಆಸ್ತಿಯನ್ನು 2004ರಲ್ಲಿ ಹಾರ್ನ್‌ಬಿ ಕೊಂಡುಕೊಂಡಿತು. ಅದೇ ವರ್ಷ ಅಮೆರಿಕದ ಲಯೊನೆಲ್ ದಿವಾಳಿ ರಕ್ಷಣೆ ಕೋರಿತು. 1859ರಲ್ಲಿ ಸ್ಥಾಪನೆಯಾದ ಜರ್ಮನಿಯ ಮೆರ್ಕ್ಲಿನ್ ತನ್ನ ನೂರೈವತ್ತನೆಯ ವರ್ಷವಾದ 2009ರಲ್ಲಿಯೇ ದಿವಾಳಿ ಅರ್ಜಿ ಹಾಕಬೇಕಾಯಿತು. 2013ರಲ್ಲಿ ಅದು ಆಟಿಕೆ ಉದ್ಯಮದ ಮತ್ತೊಂದು ಮನೆತನದ ಪಾಲಾಯಿತು. ಚೀನಾದಲ್ಲಿ ಹಲವು ಬ್ರಾಂಡುಗಳಿಗೆ ಗುತ್ತಿಗೆಯ ಮೇಲೆ ತಯಾರಿಸುತ್ತಿದ್ದ ಸಾಂಡಾ ಕಾನ್ ಕಾರ್ಖಾನೆಯನ್ನು 2008ರಲ್ಲಿ ಕೇಡರ್ ಸಮೂಹ ಖರೀದಿಸಿದ ಮೇಲೆ ಅನೇಕ ಸಣ್ಣ ಬ್ರಾಂಡುಗಳು ಬೇರೆ ಕಾರ್ಖಾನೆ ಹುಡುಕಿಕೊಳ್ಳಬೇಕಾಯಿತು. ಅಷ್ಟರಲ್ಲಿ ಚೀನಾದ ಕೂಲಿದರವೂ ಏರತೊಡಗಿತ್ತು. 1946ರಿಂದ ನಡೆದುಬಂದ ಲಿವರ್‌ಪೂಲಿನ ಹ್ಯಾಟನ್ಸ್ ಅಂಗಡಿಯಂತಹ ದೊಡ್ಡ ಮಾರಾಟಗಾರರೇ 2024ರ ಜನವರಿಯಲ್ಲಿ ಬಾಗಿಲು ಮುಚ್ಚುವುದಾಗಿ ಘೋಷಿಸಿದರು. ಬೆಲೆ ಏರಿದೆಯೆಂದ ಮಾತ್ರಕ್ಕೆ ಮಾರುವವರು ಶ್ರೀಮಂತರಾಗುತ್ತಿದ್ದಾರೆಂದು ತಿಳಿಯಬಾರದು.

ಒಂದೇ ಎಂಜಿನ್ ಹತ್ತು ಬಣ್ಣಗಳಲ್ಲಿ ಏಕೆ ಬರುತ್ತದೆ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಅಚ್ಚು ಒಮ್ಮೆ ಸಿದ್ಧವಾದ ಮೇಲೆ ಬಣ್ಣ, ಸಂಖ್ಯೆ, ಡಿಪೋದ ಹೆಸರು ಬದಲಿಸಲು ತಗಲುವ ಖರ್ಚು ಅತ್ಯಲ್ಪ. ಆದ್ದರಿಂದ ತಯಾರಕರು ಅದೇ ಅಚ್ಚನ್ನು ಮತ್ತೆ ಮತ್ತೆ ಹೊರತೆಗೆಯುತ್ತಾರೆ, ಪ್ರತಿಸಲವೂ ಪೆಟ್ಟಿಗೆಯ ಮೇಲೆ ಸೀಮಿತ ಆವೃತ್ತಿ ಎಂದು ಮುದ್ರಿಸುತ್ತಾರೆ. ನನ್ನ ಕಪಾಟಿನಲ್ಲಿ ಒಂದೇ ಎಂಜಿನ್ ಮೂರು ಬಣ್ಣಗಳಲ್ಲಿದೆ. ಮನೆಯವರಿಗೆ ಇದರ ಸಮರ್ಥನೆ ಕೊಡಲು ನನಗೆ ಇಂದಿಗೂ ಸಾಧ್ಯವಾಗಿಲ್ಲ.

ನನ್ನ ಖಾತೆಯ ಎರಡು ನಮೂದುಗಳು

ವೃತ್ತಿಯ ಅಭ್ಯಾಸಬಲದಿಂದ ನಾನು ಕೊಂಡ ಪ್ರತಿ ಎಂಜಿನ್ನಿಗೂ ಖಾತೆ ಇಟ್ಟಿದ್ದೇನೆ. 2007ರಲ್ಲಿ ಜರ್ಮನಿಗೆ ಹೋಗಿದ್ದ ಬಂಧುವೊಬ್ಬರು ತಂದುಕೊಟ್ಟ ಎಂಜಿನ್ನಿಗೆ ಅಲ್ಲಿನ ಬೆಲೆ 95 ಯೂರೋ. ಅಂದಿನ ಸುಮಾರು 56 ರೂಪಾಯಿ ದರದಲ್ಲಿ 5,320 ರೂಪಾಯಿ. 2024ರಲ್ಲಿ ಅದೇ ದರ್ಜೆಯ ಹೊಸ ಎಂಜಿನ್ನಿಗೆ 260 ಯೂರೋ. ಸುಮಾರು 90 ರೂಪಾಯಿ ದರದಲ್ಲಿ 23,400 ರೂಪಾಯಿ. ಎರಡೂ ಪ್ರಯಾಣಿಕರ ಬ್ಯಾಗೇಜಿನ ಸುಂಕರಹಿತ ಮಿತಿಯೊಳಗೆ ಬಂದವಾದ್ದರಿಂದ ಸುಂಕದ ಪ್ರಶ್ನೆ ಉದ್ಭವಿಸಲಿಲ್ಲ.

ಹದಿನೇಳು ವರ್ಷಗಳಲ್ಲಿ ಬೆಲೆ ಸುಮಾರು 4.4 ಪಟ್ಟಾಗಿದೆ. ಬಿಡಿಸಿ ನೋಡಿದರೆ ಯೂರೋ ಬೆಲೆಯಲ್ಲಿ 2.74 ಪಟ್ಟು, ವಿನಿಮಯ ದರದಲ್ಲಿ 1.6 ಪಟ್ಟು. ಇವೆರಡರ ಗುಣಾಕಾರವೇ 4.4. ರೂಪಾಯಿ ಇಳಿದದ್ದರಿಂದಲೇ ತುಟ್ಟಿಯಾಯಿತೆಂದು ನಾವು ಸಾಮಾನ್ಯವಾಗಿ ದೂರುತ್ತೇವೆ. ರೂಪಾಯಿ ಅಲುಗಾಡದೆ ಇದ್ದಿದ್ದರೂ ಎಂಜಿನ್ನಿನ ಬೆಲೆ ಎರಡೂವರೆ ಪಟ್ಟು ಮೀರುತ್ತಿತ್ತು. ಆ ಭಾಗವೆಲ್ಲ ಮೇಲೆ ಹೇಳಿದ ಅಚ್ಚು, ಕೂಲಿ ಮತ್ತು ಚಿಪ್ಪಿನ ಲೆಕ್ಕ.

ಸುಂಕದ ಮೇಲೆ ಲಾಭ, ಲಾಭದ ಮೇಲೆ ತೆರಿಗೆ

ಅಂಗಡಿಯ ಮೂಲಕ ಬರುವ ಸರಕಿನ ಕಥೆ ಬೇರೆ. ಆಟಿಕೆಗಳೂ ಪ್ರಮಾಣಬದ್ಧ ಮಾದರಿಗಳೂ ಸುಂಕ ಕೋಷ್ಟಕದ 9503 ಶೀರ್ಷಿಕೆಯಲ್ಲಿಯೇ ಬರುತ್ತವೆ. ಅರವತ್ತು ವರ್ಷದ ಸಂಗ್ರಾಹಕ ಗಾಜಿನ ಕಪಾಟಿನಲ್ಲಿಡುವ ಎಂಜಿನ್ನಿಗೂ ಮಗು ಕಚ್ಚುವ ಗೊಂಬೆಗೂ ಸುಂಕದ ಕಣ್ಣಿನಲ್ಲಿ ಭೇದವಿಲ್ಲ. 2009ರ ಜನವರಿಯಲ್ಲಿ ಚೀನಾದ ಆಟಿಕೆಗಳ ಆಮದನ್ನು ಆರು ತಿಂಗಳ ಮಟ್ಟಿಗೆ ನಿಷೇಧಿಸಲಾಗಿತ್ತು. ಕೆಲವೇ ವಾರಗಳಲ್ಲಿ ಸುರಕ್ಷತಾ ಪ್ರಮಾಣಪತ್ರದ ಷರತ್ತಿನೊಡನೆ ಅದನ್ನು ಸಡಿಲಿಸಲಾಯಿತು. 2017ರಲ್ಲಿ ಪರೀಕ್ಷೆಯ ನಿಯಮಗಳು ಬಿಗಿಯಾದವು. ಮಾರುಕಟ್ಟೆಯ ಆಮದು ಆಟಿಕೆಗಳ ಮಾದರಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುರಕ್ಷತಾ ಪರೀಕ್ಷೆಯಲ್ಲಿ ಅನುತ್ತೀರ್ಣವಾದುದನ್ನು ಭಾರತೀಯ ಗುಣಮಟ್ಟ ಮಂಡಳಿ 2019ರಲ್ಲಿ ವರದಿ ಮಾಡಿತು. ತತ್ಪರಿಣಾಮವಾಗಿ 2020ರ ಆಯವ್ಯಯದಲ್ಲಿ ಮೂಲ ಸೀಮಾಸುಂಕ ಶೇ. 20ರಿಂದ ಶೇ. 60ಕ್ಕೂ, 2023ರ ಆಯವ್ಯಯದಲ್ಲಿ ಶೇ. 70ಕ್ಕೂ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ದೇಶೀಯ ತಯಾರಕರಿಗೆ ಇದು ನೆರವಾದುದು ನಿಜ. 2018–19ರಲ್ಲಿ ಸುಮಾರು 37 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2021–22ಕ್ಕೆ ಸುಮಾರು 11 ಕೋಟಿ ಡಾಲರಿಗೆ ಇಳಿಯಿತು. ಮಕ್ಕಳ ಸುರಕ್ಷತೆಗಾಗಿ ಕಟ್ಟಿದ ಈ ಗೋಡೆಯ ನೆರಳು ಸಂಗ್ರಾಹಕರ ಮೇಲೂ ಬಿದ್ದಿತೆಂಬುದು ಬೇರೆ ಮಾತು.

ಇನ್ನು ಲೆಕ್ಕ. ಅದೇ 260 ಯೂರೋ ಬೆಲೆಯ ಎಂಜಿನ್ನನ್ನು ನಮ್ಮ ವ್ಯಾಪಾರಿಯೊಬ್ಬರು ಶೇ. 30 ಸಗಟು ರಿಯಾಯಿತಿಯಲ್ಲಿ, ಅಂದರೆ 182 ಯೂರೋಗೆ ತರಿಸಿದರೆಂದು ಭಾವಿಸಿ. ಸಾಗಣೆ, ವಿಮೆ, ಉಪಕರಗಳನ್ನು ಸದ್ಯಕ್ಕೆ ಬದಿಗಿಡೋಣ. ಮೌಲ್ಯ 16,380 ರೂಪಾಯಿ. ಶೇ. 70ರಂತೆ ಸುಂಕ 11,466. ಒಟ್ಟು 27,846. ಇದರ ಮೇಲೆ ಎಲೆಕ್ಟ್ರಾನಿಕ್ ಆಟಿಕೆಯ ಶೇ. 18ರ ದರದಲ್ಲಿ ಐ.ಜಿ.ಎಸ್.ಟಿ. ಕಟ್ಟಬೇಕು. ಅದು ಹೂಡುವಳಿ ತೆರಿಗೆ ಜಮೆಯಾಗಿ ವ್ಯಾಪಾರಿಗೆ ಮರಳುತ್ತದೆ. ಮೂಲ ಸೀಮಾಸುಂಕ ಮಾತ್ರ ಮರಳುವುದಿಲ್ಲ, ಸರಕಿನ ಅಸಲಿನಲ್ಲಿಯೇ ಬೆರೆತುಹೋಗುತ್ತದೆ. ವ್ಯಾಪಾರಿ ತನ್ನ ಶೇ. 20 ಲಾಭವನ್ನು ಈ 27,846ರ ಮೇಲೆ ಹಾಕುತ್ತಾನೆ. ಮಾರಾಟ ಮೌಲ್ಯ 33,415. ಅದರ ಮೇಲೆ ಶೇ. 18 ತೆರಿಗೆ ಸೇರಿ ಗ್ರಾಹಕನ ಬಿಲ್ಲು 39,430 ರೂಪಾಯಿ. ಕಪನೂರಿನವರ ಬಿಲ್ಲು ಇದರ ಆಸುಪಾಸಿನಲ್ಲಿಯೇ ಇತ್ತೆಂಬುದನ್ನು ಗಮನಿಸಿ.

ಸುಂಕವೇ ಇಲ್ಲದಿದ್ದರೆ ಇದೇ ವಿಧಾನದಲ್ಲಿ ಬಿಲ್ಲು 23,194 ಆಗುತ್ತಿತ್ತು. ವ್ಯತ್ಯಾಸ 16,236 ರೂಪಾಯಿ. ಸರ್ಕಾರಕ್ಕೆ ಕಟ್ಟಿದ ಸುಂಕ 11,466 ಮಾತ್ರ. ಅದರ ಮೇಲೆ ವ್ಯಾಪಾರಿಯ ಲಾಭ, ಆ ಲಾಭದ ಮೇಲೆ ತೆರಿಗೆ ಕೂಡಿ ಗ್ರಾಹಕನನ್ನು ತಲುಪುವಷ್ಟರಲ್ಲಿ ಅದು ಹೀಗೆ ಊದಿಕೊಳ್ಳುತ್ತದೆ. 2019ರ ಶೇ. 20ರ ಸುಂಕದಲ್ಲಿಯಾಗಿದ್ದರೆ ಇದೇ ಎಂಜಿನ್ 27,833ಕ್ಕೆ ಕೈಸೇರುತ್ತಿತ್ತು. ಸುಂಕ ಕಟ್ಟುವ ಯಾವುದೇ ಸರಕಿನಲ್ಲಿ ವ್ಯವಹರಿಸುವ ಸದಸ್ಯರು ಲಾಭವನ್ನು ಸುಂಕ ಸೇರಿದ ಅಸಲಿನ ಮೇಲೆ ಹಾಕಬೇಕೋ, ಸುಂಕವಿಲ್ಲದ ಮೌಲ್ಯದ ಮೇಲೆ ಹಾಕಬೇಕೋ ಎಂಬುದನ್ನು ಒಮ್ಮೆ ಕುಳಿತು ಯೋಚಿಸುವುದು ಒಳಿತು. ಸುಂಕಕ್ಕೆ ಹಾಕಿದ ಬಂಡವಾಳಕ್ಕೂ ಬಡ್ಡಿ ಇದೆಯಷ್ಟೆ, ಆದರೆ ಬಡ್ಡಿ ಬೇರೆ, ಶೇ. 20 ಲಾಭ ಬೇರೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2025ರ ಜುಲೈ 24ರಂದು ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿಯಾದಾಗ ಬ್ರಿಟಿಷ್ ಎಂಜಿನ್ನುಗಳು ಅಗ್ಗವಾಗುವುವೆಂದು ಒಬ್ಬ ಮಿತ್ರರು ಸಂಭ್ರಮಪಟ್ಟರು. ಒಪ್ಪಂದದ ರಿಯಾಯಿತಿ ಅನ್ವಯಿಸುವುದು ಸರಕು ಎಲ್ಲಿ ತಯಾರಾಯಿತೋ ಆ ದೇಶಕ್ಕೆ, ಪೆಟ್ಟಿಗೆಯ ಮೇಲಿನ ಹೆಸರಿಗಲ್ಲ. ಚೀನಾದಲ್ಲಿ ತಯಾರಾದ ಬ್ರಿಟಿಷ್ ಬ್ರಾಂಡಿನ ಎಂಜಿನ್ ಚೀನಾದ್ದೇ. ಎರಡನೆಯದು, ಸ್ವಂತ ಉಪಯೋಗಕ್ಕೆ ಅಂಚೆ ಅಥವಾ ವಿಮಾನದ ಮೂಲಕ ತರಿಸುವ ಬಿಡಿ ವಸ್ತುಗಳಿಗೆ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದ್ದು, ಅದರ ದರವನ್ನು ಆಯವ್ಯಯಗಳು ಬದಲಿಸುತ್ತ ಬಂದಿವೆ. ಈ ಸೌಲಭ್ಯದಲ್ಲಿ ತರಿಸಿದ ಎಂಜಿನ್ನನ್ನು ಅಂಗಡಿಯಲ್ಲಿಟ್ಟು ಮಾರುವುದು ತಪ್ಪು ಘೋಷಣೆಯಾಗುತ್ತದೆ. ಕೆಲವು ಎಳೆಯ ವ್ಯಾಪಾರಿಗಳು ಇದನ್ನು ಜಾಣತನವೆಂದು ತಿಳಿದಿರುವುದನ್ನು ಕಂಡಿದ್ದೇನೆ.

ಅಂಗಡಿಯವರ ಕಪಾಟಿನಲ್ಲಿ ಸಿಲುಕಿದ ಹಣ

ಸಂಖ್ಯೆಯನ್ನು ಮೊದಲೇ ತಿಳಿಯಲೆಂದು ತಯಾರಕರು ಈಗ ಮುಂಗಡ ಬೇಡಿಕೆ ಪಡೆದೇ ಅಚ್ಚಿಗೆ ಕೈಹಾಕುತ್ತಾರೆ. ಘೋಷಣೆಯಾದ ಎಂಜಿನ್ ಅಂಗಡಿ ತಲುಪಲು ವರ್ಷ, ಕೆಲವೊಮ್ಮೆ ಎರಡು ವರ್ಷ ಕಾಯಬೇಕು. ಬೆಲೆ ನಡುವೆ ಬದಲಾಗಬಹುದು, ಸರಕು ಹಿಂತಿರುಗಿಸುವಂತಿಲ್ಲ. ಸೂಪರ್ ಮಾರ್ಕೆಟಿನ ವ್ಯಾಪಾರಿ ಹೀಗೆ ತರಿಸಿದ ಹದಿನಾರು ಎಂಜಿನ್ನುಗಳಲ್ಲಿ ಐದು ಮಾತ್ರ ಮಾರಾಟವಾಗಿದ್ದವು. ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಉಳಿದ ಹನ್ನೊಂದನ್ನು ಅವರು ಆ ದಿನದ ಹೊಸ ಬೆಲೆಯಲ್ಲಿ ನಮೂದಿಸಿ, ಲಾಭ ತೋರಿಸಿ, ಅದೇ ಪಟ್ಟಿಯನ್ನು ಬ್ಯಾಂಕಿಗೆ ಕೊಟ್ಟು ಸಾಲದ ಮಿತಿ ಹೆಚ್ಚಿಸಿಕೊಳ್ಳಲು ಹೊರಟಿದ್ದರು. "ಇವು ದಿನಾ ತುಟ್ಟಿ ಆಗ್ತಾವ್ರಿ, ಬಂಗಾರ ಇದ್ದಂಗ" ಎಂಬುದು ಅವರ ವಾದ.

ದಾಸ್ತಾನನ್ನು ಅಸಲು ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರುವ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದ ಹಳೆಯ ನಿಯಮ. ಆದಾಯ ತೆರಿಗೆಯ ಲೆಕ್ಕಕ್ಕೂ ಅದೇ ನಿಯಮ. ಬಂಗಾರವನ್ನು ಸರಾಫರು ಅದೇ ದಿನ ಕೊಳ್ಳುತ್ತಾರೆ. ಬವೇರಿಯದ ಆವಿ ಎಂಜಿನ್ನಿಗೆ ಕಲಬುರಗಿಯಲ್ಲಿ ಗಿರಾಕಿ ಯಾವ ದಿನ ಬರುತ್ತಾನೆಂದು ಯಾರು ಬಲ್ಲರು? ಪಟ್ಟಿಯನ್ನು ಹರಿದು ಹಾಕಿಸಿದೆ. ಅವರಿಗೆ ನನ್ನ ಮೇಲೆ ಕೆಲವು ತಿಂಗಳು ಬೇಸರವಿತ್ತು.

ಅವರಿಗೆ ನಾನು ಸೂಚಿಸಿದ ಒಂದು ದಾರಿ ಹಳೆಯ ಮಾದರಿಗಳ ವ್ಯಾಪಾರ. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಿಯು, ಖರೀದಿಯ ಮೇಲೆ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೇಂದ್ರ ಜಿ.ಎಸ್.ಟಿ. ನಿಯಮಗಳ 32(5)ರ ಪ್ರಕಾರ ಖರೀದಿ ಮತ್ತು ಮಾರಾಟದ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಿದರಾಯಿತು. 9,000ಕ್ಕೆ ಕೊಂಡು 11,000ಕ್ಕೆ ಮಾರಿದರೆ ತೆರಿಗೆ 2,000 ರೂಪಾಯಿಯ ಮೇಲೆ. ಇದರಲ್ಲಿ ಸೀಮಾಸುಂಕದ ಹೊರೆಯೂ ಇಲ್ಲ, ಎರಡು ವರ್ಷದ ಕಾಯುವಿಕೆಯೂ ಇಲ್ಲ. ಹಳೆಯ ಪೀಠೋಪಕರಣ, ಯಂತ್ರೋಪಕರಣಗಳ ವ್ಯಾಪಾರದಲ್ಲಿರುವ ನಮ್ಮ ಅನೇಕ ಸದಸ್ಯರಿಗೂ ಈ ನಿಯಮ ಅನ್ವಯಿಸುತ್ತದೆ. ಬಳಸಿಕೊಳ್ಳುವವರು ಮಾತ್ರ ವಿರಳ.

ಸಂಗ್ರಹವು ಆಸ್ತಿಯೇ?

ವಾಡಿ ಜಂಕ್ಷನ್ನಿನಲ್ಲಿ ಬಹುಕಾಲ ಸೇವೆ ಸಲ್ಲಿಸಿ ನಿವೃತ್ತರಾಗಿದ್ದ ಗಾರ್ಡರ ಮನೆಯಲ್ಲಿ ಅರವತ್ತು ಎಂಜಿನ್ನುಗಳಿದ್ದವು. ಅವರು ತೀರಿಕೊಂಡ ಮೇಲೆ ಮಕ್ಕಳು ಅದೇ ಬಗೆಯ ಹೊಸ ಎಂಜಿನ್ನುಗಳ ಇಂದಿನ ಬೆಲೆಗಳನ್ನು ಕೂಡಿಸಿ 18 ಲಕ್ಷ ರೂಪಾಯಿಯೆಂದು ಅಂದಾಜಿಸಿದರು. ತಂದೆಯ ಹವ್ಯಾಸವನ್ನು ಹಚ್ಚಿಕೊಂಡಿದ್ದ ಕಿರಿಯ ಮಗ, ಸಂಗ್ರಹ ಪೂರ್ತಿ ತನಗಿರಲಿ, ಅದಕ್ಕೆ ಬದಲಾಗಿ ನಿವೇಶನದಲ್ಲಿನ ತನ್ನ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡುತ್ತೇನೆಂದು ಒಪ್ಪಿದ್ದರು. ಹಕ್ಕು ಬಿಡುಗಡೆ ಪತ್ರದ ಕರಡು ನನ್ನ ಬಳಿಗೆ ಬಂದದ್ದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಸಹಿಗೆ ಇನ್ನು ಮೂರು ದಿನವಿತ್ತು.

ಹೊಸದರ ಬೆಲೆ ಏರಿದರೆ ಹಳೆಯದರ ಬೆಲೆಯೂ ಏರುತ್ತದೆಂಬುದು ಭೂಮಿ, ಬಂಗಾರಗಳನ್ನು ಕಂಡ ನಮ್ಮ ಜನರ ನಂಬಿಕೆ. ಮಾದರಿ ರೈಲಿನಲ್ಲಿ ಹೆಚ್ಚಾಗಿ ಇದಕ್ಕೆ ವ್ಯತಿರಿಕ್ತವಾಗಿ ನಡೆಯುತ್ತದೆ. ಹೊಸ ಅಚ್ಚಿನಿಂದ ಇನ್ನೂ ನಯವಾದ ಎಂಜಿನ್ ಬಂದ ಮರುದಿನವೇ ಅದೇ ಎಂಜಿನ್ನಿನ ಹಳೆಯ ಮಾದರಿ ಎರಡನೆಯ ದರ್ಜೆಗೆ ಇಳಿಯುತ್ತದೆ. ಅದಲ್ಲದೆ, ಕೊಳ್ಳುತ್ತಿದ್ದ ತಲೆಮಾರಿಗೇ ವಯಸ್ಸಾಗಿದೆ. ಒಬ್ಬರು ತೀರಿಕೊಂಡರೆ ಮಾರುಕಟ್ಟೆಯಲ್ಲಿ ಒಬ್ಬ ಗಿರಾಕಿ ಕಡಿಮೆಯಾಗಿ ಒಂದು ಸಂಗ್ರಹ ಹೆಚ್ಚಾಗುತ್ತದೆ. ಪೂನಾ ಮತ್ತು ಬೆಂಗಳೂರಿನ ಪರಿಚಿತ ಸಂಗ್ರಾಹಕರಿಂದ ನಾನು ಕೇಳಿಸಿದ ಒಟ್ಟು ಬೆಲೆ 5 ಲಕ್ಷದ 40 ಸಾವಿರ. ಕರಡನ್ನು ಬದಲಿಸಿ, ಸಂಗ್ರಹವನ್ನು ಆ ಮೊತ್ತಕ್ಕೆ ಕಿರಿಯರ ಪಾಲಿಗೆ ಹಿಡಿದು, ನಿವೇಶನದಲ್ಲಿ ಅವರ ಹಕ್ಕನ್ನು ಉಳಿಸಲಾಯಿತು. ಹಿರಿಯ ಅಣ್ಣನವರು ಮರುಮಾತಿಲ್ಲದೆ ಒಪ್ಪಿದರೆಂಬುದನ್ನು ಇಲ್ಲಿ ದಾಖಲಿಸಬೇಕು.

ತೆರಿಗೆಯ ವಿಷಯದಲ್ಲಿ ಸಂಗ್ರಾಹಕರಿಗೆ ಒಂದು ಸಮಾಧಾನವಿದೆ. ಸ್ವಂತ ಬಳಕೆಯ ಚರ ವಸ್ತುಗಳನ್ನು ಆದಾಯ ತೆರಿಗೆ ಕಾಯ್ದೆ ಬಂಡವಾಳ ಆಸ್ತಿಯೆಂದು ಎಣಿಸುವುದಿಲ್ಲ. ಒಡವೆ, ಚಿತ್ರ, ಶಿಲ್ಪ, ಕಲಾಕೃತಿ, ಪುರಾತತ್ವ ಸಂಗ್ರಹಗಳು ಇದಕ್ಕೆ ಅಪವಾದ. 1961ರ ಕಾಯ್ದೆಯಲ್ಲಿದ್ದ ಈ ತತ್ವದ ಮೇಲೆ, ಮನೆಯಲ್ಲಿ ಓಡಿಸಿ ಆನಂದಿಸಿದ ರೈಲುಗಳನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲವೆಂದು ವಾದಿಸಲು ಗಟ್ಟಿ ಆಧಾರವಿದೆ. ಪೆಟ್ಟಿಗೆ ತೆರೆಯದೆ ಇಟ್ಟು, ಬೆಲೆ ಬಂದಾಗ ಮಾರಿ, ಮತ್ತೆ ಕೊಂಡು ಮಾರುವವರಿಗೆ ಈ ವಾದ ಒಗ್ಗುವುದಿಲ್ಲ. ಅಂಥವರು ಹವ್ಯಾಸಿಗಳಲ್ಲ, ವ್ಯಾಪಾರಿಗಳು. ಅವರ ಲಾಭ ವ್ಯಾಪಾರದ ಆದಾಯ.

ಮರಳಿ ಕಪನೂರಿಗೆ

ಈಗ ಡೆಮು ಗಾಡಿಯ ಲೆಕ್ಕ. ವಿವರಗಳನ್ನು ಸರಳಗೊಳಿಸಿದ ಅಚ್ಚುಗಳಿಗೆ ಅವರು ಪಡೆದ ಅಂದಾಜು 38 ಲಕ್ಷ. ಸಾಮಗ್ರಿ, ಮೋಟಾರು, ಸರ್ಕ್ಯೂಟಿಗೆ 1,400, ಜೋಡಣೆಗೆ 600, ಬಣ್ಣ ಮತ್ತು ಮುದ್ರಣಕ್ಕೆ 500, ಪೆಟ್ಟಿಗೆಗೆ 150, ಇತರ ಖರ್ಚು 450, ಹೀಗೆ ಒಂದಕ್ಕೆ 3,100 ರೂಪಾಯಿ. 2,000 ಮಾರಾಟವಾದರೆ ಅಚ್ಚಿನ ಪಾಲು 1,900 ಸೇರಿ ಅಸಲು ಸರಿಯಾಗಿ 5,000. ತಮ್ಮ ಊಹೆ ನಿಜವಾಯಿತೆಂದು ಅವರು ಹಿಗ್ಗಿದರು. ಆದರೆ ತಯಾರಕರ ಶೇ. 15 ಲಾಭ, ಅಂಗಡಿಯವರ ಶೇ. 30, ಅದರ ಮೇಲೆ ಶೇ. 18 ತೆರಿಗೆ ಸೇರಿದಾಗ ಗ್ರಾಹಕನ ಬೆಲೆ 8,820 ರೂಪಾಯಿ ಆಗುತ್ತದೆ. 500 ಮಾತ್ರ ಮಾರಾಟವಾದರೆ ಅಚ್ಚಿನ ಪಾಲು 7,600ಕ್ಕೆ ಏರಿ, ಅದೇ ಗಾಡಿಯ ಬೆಲೆ 18,876ಕ್ಕೆ ನಿಲ್ಲುತ್ತದೆ. ಬೀದರದ ಗಾಡಿಯ ಮೇಲೆ ಇಷ್ಟು ಹಣದ ಪ್ರೀತಿಯಿರುವ 500 ಜನರನ್ನು ಅವರು ಹೆಸರಿಸಬಲ್ಲರೇ ಎಂದು ಕೇಳಿದೆ. ಹನ್ನೆರಡರ ತನಕ ಎಣಿಸಿದರು, ಅದರಲ್ಲಿ ನಾನೂ ಒಬ್ಬ.

ಸವಕಳಿಯ ವಿಷಯದಲ್ಲಿಯೂ ಒಂದು ಭ್ರಮೆಯಿತ್ತು. ಪ್ಲಾಸ್ಟಿಕ್ ಕಾರ್ಖಾನೆಯ ಅಚ್ಚುಗಳಿಗೆ 1962ರ ಆದಾಯ ತೆರಿಗೆ ನಿಯಮಗಳು ಶೇ. 30 ಸವಕಳಿ ನಿಗದಿಪಡಿಸಿದ್ದವು. ಆ ದರದಲ್ಲಿ ಎರಡು ವರ್ಷ ಕಳೆದರೂ 38 ಲಕ್ಷದಲ್ಲಿ 18 ಲಕ್ಷದ 62 ಸಾವಿರ ಪುಸ್ತಕದಲ್ಲಿ ಉಳಿದಿರುತ್ತದೆ. ಗಾಡಿ ಮಾರಾಟವಾಗದಿದ್ದರೆ ಆ ಅಚ್ಚಿಗೆ ಗುಜರಿಯ ಉಕ್ಕಿನ ಬೆಲೆಯಷ್ಟೆ. ತೆರಿಗೆಗೆ ವರ್ಷದ ಲೆಕ್ಕ ಸಾಕು, ಬೆಲೆ ಕಟ್ಟುವಾಗ ತುಣುಕಿನ ಲೆಕ್ಕವೇ ಬೇಕು.

ಹಾಗೆಂದು ಅವರನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. ಮೋಟಾರಿಲ್ಲದ, ಮಕ್ಕಳು ತಳ್ಳಿ ಆಡುವ ಗಾಡಿಯಾದರೆ ಅಚ್ಚು ನಾಲ್ಕೈದು ಲಕ್ಷದೊಳಗೆ ಮುಗಿಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಮೋಟಾರು, ಸರ್ಕ್ಯೂಟು ಇರುವ ಗಾಡಿಗೆ ಶೇ. 18, ಇಲ್ಲದ್ದಕ್ಕೆ ಶೇ. 5 ಎಂಬ ಈ ಅಂತರವೇ ಸಣ್ಣ ತಯಾರಕರಿಗೆ ಒಂದು ಲಾಭ. 2024ರ ಮಾರ್ಚಿನಿಂದ ನಮ್ಮೂರಿನಿಂದ ಬೆಂಗಳೂರಿಗೆ ಓಡುತ್ತಿರುವ ವಂದೇ ಭಾರತ್ ಗಾಡಿಯನ್ನು ಎಲ್ಲ ಮಕ್ಕಳೂ ಗುರುತಿಸುತ್ತಾರೆ, ಜಾತ್ರೆಯಲ್ಲಿ ಅಂತಹದು ಮಾರಾಟವಾಗುತ್ತದೆ. ಆದರೆ ಮಕ್ಕಳ ಆಟಿಕೆಯೆಂದ ಮೇಲೆ ಐ.ಎಸ್. 9873ರ ಪರೀಕ್ಷೆ ಮತ್ತು ಮಾನಕ ಬ್ಯೂರೋದ ಪರವಾನಗಿ ಇಲ್ಲದೆ ಒಂದನ್ನೂ ಮಾರುವಂತಿಲ್ಲ. ವಿದ್ಯುತ್ ಆಟಿಕೆಗಾದರೆ ಐ.ಎಸ್. 15644 ಕೂಡ. ಆದೇಶವು 14 ವರ್ಷದೊಳಗಿನವರ ಆಟಿಕೆಗಳನ್ನು ಕುರಿತದ್ದಾದರೂ, ವಯಸ್ಕರಿಗಾಗಿ ಎಂದು ಪೆಟ್ಟಿಗೆಯ ಮೇಲೆ ಮುದ್ರಿಸಿದ ಮಾತ್ರಕ್ಕೆ ಹೊರಗುಳಿಯಬಹುದೆಂದು ನಂಬಿ ಹಣ ಹೂಡಬಾರದು.

ನಮ್ಮದೇ ಪ್ರದೇಶದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅಂತಹ ದೊಡ್ಡ ಘಟಕಗಳಿಗೆ ಚಕ್ರ, ಅಚ್ಚುಕಡ್ಡಿ, ಪೆಟ್ಟಿಗೆಯ ಒಳತಟ್ಟೆಗಳನ್ನು ಒದಗಿಸುವುದು ಕಪನೂರಿನ ಘಟಕಕ್ಕೆ ಸ್ವಂತ ಗಾಡಿಗಿಂತ ಮೊದಲ ಹೆಜ್ಜೆಯಾಗಬಹುದೆಂದೂ ಸೂಚಿಸಿದೆ. ಬಿಡಿಭಾಗದಲ್ಲಿ ಅಚ್ಚು ಚಿಕ್ಕದು, ಸಂಖ್ಯೆ ದೊಡ್ಡದು, ಮಾರುವ ಚಿಂತೆ ಬೇರೆಯವರದು. ಚನ್ನಪಟ್ಟಣದವರು ಹಾಲೆ ಮರದಲ್ಲಿ ಮಾಡುವ ರೈಲಿಗೆ ಅಚ್ಚೇ ಬೇಡ. ಹೀಗಾಗಿ ಹತ್ತು ಮಾಡಿದರೂ ಸಾವಿರ ಮಾಡಿದರೂ ಅವರ ಅಸಲು ಹೆಚ್ಚು ಬದಲಾಗುವುದಿಲ್ಲ. ಆ ಅನುಕೂಲ ಪ್ಲಾಸ್ಟಿಕ್ಕಿನವರಿಗಿಲ್ಲ.

ಅವರು ತಳ್ಳುವ ಗಾಡಿಯ ಅಚ್ಚಿಗೆ ದರಪಟ್ಟಿ ತರಿಸಿದ್ದಾರೆ, ಪರವಾನಗಿಯ ಅರ್ಜಿಗೆ ಬೇಕಾದ ಕಾಗದಗಳನ್ನು ನಮ್ಮ ಕಚೇರಿಯ ಹುಡುಗರು ಜೋಡಿಸುತ್ತಿದ್ದಾರೆ. ಡೆಮು ಗಾಡಿಯ ನಕ್ಷೆಯನ್ನು ಮಾತ್ರ ಅವರು ಹರಿದಿಲ್ಲ. 39,000ದ ಎಂಜಿನ್ ಇಂದಿಗೂ ನನ್ನ ಮೇಜಿನ ಮೇಲಿದೆ. ಮಗನ ಪರೀಕ್ಷೆ ಮುಗಿಯುವವರೆಗೆ ಇಲ್ಲಿಯೇ ಇರಲೆಂದು ಬಿಟ್ಟುಹೋಗಿದ್ದಾರೆ.